ಭಾಷಣ ಮುಗಿಯೋಷ್ಟರಲ್ಲಿ ಕೀಬೋರ್ಡ್ ಆಫ್!

ನಿನ್ನೆ ಗಣಪತಿ ಪೆಂಡಾಲ್‌ನಲ್ಲಿ ಅಧ್ಯಕ್ಷರ ಭಾಷಣ ಮುಗಿಯೋಷ್ಟರಲ್ಲಿ ನಾನು ನುಡಿಸೋ ಕೀಬೋರ್ಡ್ ತಾನಾಗಿಯೇ ಆಫ್! 30 ನಿಮಿಷ ಮುಟ್ಟದಿದ್ದರೆ ಹೀಗಂತೆ. ವೇದಿಕೆ ಮೇಲೆ ನುಡಿಸೋರನ್ನ ಒಂದು ಮಾತು ಕೇಳಿ ಮಾಡಿದ್ದಾರಾ ಈ ಕಂಪನಿಯವರು ಇದನ್ನ? ಇಟ್ಟುಕೊಂಡಿದ್ದ ಟ್ರಾನ್ಸ್‌ಪೋಸ್ (ಶ್ರುತಿ ಏರಿಸಿ ಇಳಿಸೋದು), ಸ್ಪ್ಲಿಟ್ (ಎಡಗೈಗೊಂದು ಬಲಗೈಗೊಂದು ದನಿ), ಕೊಳಲಿನ ಟೋನ್ ಎಲ್ಲಾ ಹೋಗಿ ಮತ್ತೆ ಅದೇ ಪಿಯಾನೊ, ಅದೇ ಬಿಳಿ ಒಂದರ ಶ್ರುತಿ. ಗಾಯಕಿ ಕಪ್ಪು ನಾಲ್ಕರಲ್ಲಿ ಶುರು ಮಾಡಿಯಾಗಿದೆ. ನಾನು ಬೆರಳಗಲದ ಪರದೆ ನೋಡ್ತಾ ಫಂಕ್ಷನ್ ಒತ್ತಿ, ಟ್ಯೂನಿಂಗ್ ದಾಟಿ, ಟಚ್ ದಾಟಿ, ರಿವರ್ಬ್ ದಾಟಿ ಟ್ರಾನ್ಸ್‌ಪೋಸ್ ಹುಡುಕಬೇಕು. ಒಂದು ಸಲ ಹೆಚ್ಚಿಗೆ ಒತ್ತಿದರೆ ಮತ್ತೆ ಮೊದಲಿಂದ!

ಅಡಾಪ್ಟರ್ ಗೋಳಂತೂ ಕೇಳಲೇಬೇಡಿ. ಒಂದು ಕೀಬೋರ್ಡ್‌ಗೆ 12 ವೋಲ್ಟ್, ಪಿನ್ ನಡುವೆ ಪ್ಲಸ್. ಇನ್ನೊಂದಕ್ಕೆ 9 ವೋಲ್ಟ್, ನಡುವೆ ಮೈನಸ್. ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳನ್ನ ಜೋಡಿಸೋಕೆ 1983ರಲ್ಲೇ ಮಿಡಿ ಅನ್ನೋ ಒಂದೇ ಪದ್ಧತಿ ತಂದರಲ್ಲ, ಅಡಾಪ್ಟರ್‌ನ ಒಂದು ಪಿನ್ ಒಂದೇ ಥರ ಮಾಡೋಕೆ ಏನು ರೋಗ ಇವರಿಗೆ?