ಬ್ಯಾಕ್ಟೀರಿಯಾ ಬರ್ಲಿ, ಆಮೇಲೆ ನೋಡೋಣ

ಮತ್ತೆ ಬಂತು ನೋಡಿ, ಪ್ಲಾಸ್ಟಿಕ್ ತಿನ್ನೋ ಬ್ಯಾಕ್ಟೀರಿಯಾದ ಸುದ್ದಿ. ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈ ಮುಗಿದಿದ್ದೇ ಮುಗಿದಿದ್ದು. "ಇನ್ನು ಚಿಂತೆ ಇಲ್ಲ ಬಿಡಿ ಮಾರಾಯ್ರೇ" ಅಂದರು ಒಬ್ಬರು. ಚಿಂತೆ ಯಾವತ್ತು ಇತ್ತು ಅಂತ ಕೇಳೋಣ ಅನ್ನಿಸಿತು, ಸುಮ್ನಾದೆ.

ಸುದ್ದಿ ಸುಳ್ಳಲ್ಲ. ಜಪಾನಿನ ಸಕಾಯ್‌ನಲ್ಲಿ, ಬಾಟಲಿ ಮರುಬಳಕೆ ಮಾಡೋ ಜಾಗದ ಹತ್ತಿರ ಸಿಕ್ಕಿದ್ದು ಅದು. ಹೆಸರು ಇಡಿಯೊನೆಲ್ಲಾ ಸಕಾಯೆನ್ಸಿಸ್. ಜಗತ್ತಿಗೆ ಗೊತ್ತಾಗಿದ್ದು 2016ರ ಮಾರ್ಚಿನಲ್ಲಿ. ಅದೇ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ಬ್ಯಾನರ್, ತಟ್ಟೆ, ಲೋಟ ಎಲ್ಲ ನಿಷೇಧಿಸಿತು. ಎರಡರಲ್ಲಿ ಬ್ಯಾಕ್ಟೀರಿಯಾ ಮಾತ್ರ ಕೆಲಸ ಮಾಡ್ತಿದೆ.

ಆದರೆ ಅದಕ್ಕೆ ಮಡಿ ಜಾಸ್ತಿ. ತಿನ್ನೋದು ಪೆಟ್ ಮಾತ್ರ, ಅಂದರೆ ನೀರಿನ ಬಾಟಲಿ ಜಾತಿಯದ್ದು. ಅದನ್ನೂ ತೆಳು ಹಾಳೆ ಮಾಡಿ, 30 ಡಿಗ್ರಿ ಬೆಚ್ಚಗಿಟ್ಟರೆ ಆರು ವಾರದಲ್ಲಿ ಮುಗಿಸುತ್ತೆ. ಬಾಟಲಿನೇ ಕೊಟ್ಟರೆ ಗಟ್ಟಿ ಅಂತ ಮುಖ ತಿರುಗಿಸುತ್ತೆ. ಅಂಗಡಿ ಚೀಲದ ಪಾಲಿಥೀನ್ ಮುಟ್ಟೋದೇ ಇಲ್ಲ. ಜುಲೈನಲ್ಲಿ ಆಗುಂಬೆಗೆ ಕರೆಸಿದರೆ ಮೊದಲು ಕಂಬಳಿ ಹೊದೆಸಬೇಕು. ಸೂರ್ಯಾಸ್ತದ ಕಟ್ಟೆಯಿಂದ ಕೆಳಗೆ ಇಣುಕಿ ನೋಡಿ, ಬಿದ್ದಿರೋದು ಒಳಗಡೆ ಬೆಳ್ಳಿ ಹೊಳಪಿನ, ಪದರ ಪದರದ ಚಿಪ್ಸ್ ಪ್ಯಾಕೆಟ್. ಅದನ್ನು ಗುಜರಿಯವರೇ ಮೂಸಲ್ಲ, ಜಪಾನಿನ ಅತಿಥಿ ತಿನ್ನುತ್ತಾ?

ಪ್ಯಾಕೆಟ್ ಅಂದಾಗ ಅಡಿಕೆ ನೆನಪಾಯ್ತು. ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ, ರೇಟು ಏರಿತು ಅಂತ ಹೋಳಿಗೆ ಊಟ ಮಾಡಿ ಉತ್ತರಕ್ಕೆ ಕಳಿಸ್ತೀವಿ. ಅದೇ ಅಡಿಕೆ ಥಳಥಳ ಪೊಟ್ಟಣದಲ್ಲಿ ವಾಪಸ್ ಬಂದು, ನಮ್ಮ ತೋಟದ ಬಸಿಗಾಲುವೆಯಲ್ಲೇ ಕೂರುತ್ತೆ. ಗುಟ್ಕಾಕ್ಕೆ ಪ್ಲಾಸ್ಟಿಕ್ ಪೊಟ್ಟಣ ಬೇಡ ಅಂತ 2011ರಲ್ಲೇ ನಿಯಮ ಬಂತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾವೇ ಬೇಡ ಅಂದರು. ಈಗ ಪಾನ್ ಮಸಾಲಕ್ಕೆ ಒಂದು ಪೊಟ್ಟಣ, ತಂಬಾಕಿಗೆ ಇನ್ನೊಂದು, ಎರಡನ್ನೂ ಹರಿದು ಅಂಗೈಯಲ್ಲಿ ಕೂಡಿಸಿಕೊಳ್ತಾರೆ. ನಿಷೇಧದಿಂದ ಕಸ ಡಬಲ್ ಆಗಿದ್ದಕ್ಕೆ ಸನ್ಮಾನ ಮಾಡಬೇಕು, ಅಲ್ವಾ? ಶಾಲು ಹಣ್ಣುಬುಟ್ಟಿ ಸಮೇತ, ಬುಟ್ಟಿಗೆ ಸುತ್ತಿದ ಪ್ಲಾಸ್ಟಿಕ್ ಸಮೇತ. ಮದುವೆ ಮನೆಯ ಅಡಿಕೆ ಹಾಳೆ ತಟ್ಟೆಯೂ ಈಗ ಪ್ಲಾಸ್ಟಿಕ್ ಸುತ್ತಿಕೊಂಡೇ ಬರುತ್ತೆ. ಪಕ್ಕದಲ್ಲಿ ಪುಟಾಣಿ ನೀರಿನ ಬಾಟಲಿ. ಎರಡು ಗುಟುಕು ಕುಡಿದು ಬಿಟ್ಟಿದ್ದನ್ನೆಲ್ಲ ಸಂಜೆ ಅಡುಗೆಮನೆ ಹಿಂದೆ ಗುಡ್ಡೆ ಹಾಕಿ ಬೆಂಕಿ ಕೊಟ್ಟರೆ ಆಯ್ತು.

ಸಾಕಪ್ಪಾ ತಮಾಷೆ. ಜೋರು ಮಳೆಗೆ ಶಿವಮೊಗ್ಗದ ಚರಂಡಿ ಕಟ್ಟಿದಾಗ ಬ್ಯಾಕ್ಟೀರಿಯಾ ಬರಲ್ಲ, ಪೌರಕಾರ್ಮಿಕರು ಬರ್ತಾರೆ. ಮೊಣಕಾಲುದ್ದ ಕೊಳಚೆಗೆ ಇಳಿದು, ಎಷ್ಟೋ ಸಲ ಬರಿಗೈಯಲ್ಲೇ, ಚೀಲ ಎಳೀತಾರೆ. ಅವರಿಗೆ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡೋಕೆ ನಮಗೆ ಪುರುಸೊತ್ತಿಲ್ಲ. ಹಳಸಿದ ಸಾರು, ಮಗುವಿನ ಡಯಾಪರ್, ಒಡೆದ ಗಾಜು, ಎಲ್ಲ ಒಂದೇ ಗಂಟು ಕಟ್ಟಿ ಗಾಡಿಗೆ ಎಸೀತೀವಿ, ಆ ಗಂಟನ್ನು ಯಾರ ಕೈ ಬಿಚ್ಚುತ್ತೆ ಅಂತ ಗೊತ್ತಿದ್ದೂ.