ಟೋಪಿ ಬದಲಾಯಿತು, ಲೆಕ್ಕ ಎಲ್ಲಿ?

2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚಿತ್ರ ಬಂತು. ಚಿಕ್ಕಪ್ಪನ ಮಗ ಹೊಸ ಟೋಪಿ ಧರಿಸಿ, ಎದೆ ಸೆಟೆಸಿ ನಿಂತಿದ್ದ. ಅವನು ಹೆಡ್ ಕಾನ್‌ಸ್ಟೆಬಲ್. ಅಜ್ಜಿ ಬದುಕಿದ್ದರೆ ದಫೇದಾರ ಎನ್ನುತ್ತಿದ್ದಳು. ಕರ್ನಾಟಕದ ಪೇದೆಗಳು ದಶಕಗಳ ಕಾಲ ಹೊತ್ತು ತಿರುಗಿದ, ಒಂದು ಬದಿ ಮಡಚಿದ ಸ್ಲೌಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂದಿತ್ತು. ಓಡುವಾಗ ಬೀಳುವ, ಗಲಾಟೆಯಲ್ಲಿ ಕಾಲ ಕೆಳಗೆ ಸಿಗುವ ಆ ಹಳೆಯ ಟೋಪಿಯ ಬಗ್ಗೆ ಅವನು ಗೊಣಗುವುದನ್ನು ಎಷ್ಟೋ ಸಲ ಕೇಳಿದ್ದೆ. ಹಾಗಾಗಿ ಸಂತೋಷವೇ ಆಯಿತು. ಟೋಪಿ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ, ಅದನ್ನು ಇಲ್ಲಿಗೆ ಎಳೆಯುವುದಿಲ್ಲ.

ಆದರೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹದಿನೆಂಟು ವರ್ಷ ಕಳೆದ ಮೇಲೆ ನನಗೊಂದು ಚಾಳಿ ಅಂಟಿಕೊಂಡಿದೆ. ಪೊಲೀಸರು ಹೊಸದೇನನ್ನೋ ಮಾಡಿದರು ಎಂದು ಕೇಳಿದ ಕೂಡಲೇ, ಅದರಿಂದ ಏನಾಯಿತು, ಅದನ್ನು ಯಾರು ಎಣಿಸಿದರು ಎಂದು ಕೇಳಿಬಿಡುತ್ತೇನೆ. ಊರಿಗೆ ಹೋದಾಗ ಇದರಿಂದ ಊಟದ ಹೊತ್ತಿನಲ್ಲಿ ಎಲ್ಲರ ಮುಖ ಸಪ್ಪೆಯಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಅಮೆರಿಕದ ಪೊಲೀಸರನ್ನು ಹೊಗಳಲು ಕುಳಿತವನಲ್ಲ ನಾನು. ನಾನಿರುವ ಪಶ್ಚಿಮ ಫಿಲಡೆಲ್ಫಿಯಾದಲ್ಲಿ ಓಸೇಜ್ ಅವೆನ್ಯೂ ಎಂಬ ಬೀದಿಯಿದೆ. 1985ರ ಮೇ 13ರಂದು ಪೊಲೀಸರು ಮೂವ್ ಎಂಬ ಸಂಘಟನೆಯವರು ಸೇರಿಕೊಂಡಿದ್ದ ಮನೆಯ ಮೇಲೆ ಹೆಲಿಕಾಪ್ಟರಿನಿಂದ ಬಾಂಬ್ ಹಾಕಿದರು. ಹೊತ್ತಿದ ಬೆಂಕಿಯನ್ನು ಕೂಡಲೇ ನಂದಿಸದೆ ಉರಿಯಲು ಬಿಟ್ಟರು. ಹನ್ನೊಂದು ಜನ ಸತ್ತರು, ಅವರಲ್ಲಿ ಐವರು ಮಕ್ಕಳು. 61 ಮನೆಗಳು ಸುಟ್ಟುಹೋದವು. ಕೊಲೆಗಳ ಲೆಕ್ಕಕ್ಕೆ ಬಂದರೆ, 2021ರಲ್ಲಿ 562 ಕೊಲೆಗಳಾದವು. ಹದಿನಾರು ಲಕ್ಷ ಜನರ ಊರಿದು. ಕೋಟಿ ಮೀರಿದ ಬೆಂಗಳೂರಿನಲ್ಲಿ ವರ್ಷಕ್ಕೆ ಇನ್ನೂರರ ಆಸುಪಾಸು. ಆ ವರ್ಷ ಇಲ್ಲಿಯ ಅರ್ಧಕ್ಕರ್ಧ ಕೊಲೆಗಳಲ್ಲಿ ಆರೋಪಿಯೂ ಸಿಗಲಿಲ್ಲ. ಇಂಥ ಊರಿನಿಂದ ನಾವು ಕಲಿಯಬೇಕಾದ್ದು ಏನಿದೆ ಎಂದು ಅಮ್ಮ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಕಲಿಯಬೇಕಾದ್ದು ಒಂದೇ, ಅಳೆಯುವುದು.

2009ರ ಬೇಸಿಗೆಯಲ್ಲಿ ಇಲ್ಲೊಂದು ಪ್ರಯೋಗ ನಡೆಯಿತು. ಟೆಂಪಲ್ ವಿಶ್ವವಿದ್ಯಾಲಯದ ಜೆರ್ರಿ ರ್ಯಾಟ್‌ಕ್ಲಿಫ್ ಮತ್ತು ಸಂಗಡಿಗರು ಪೊಲೀಸ್ ಇಲಾಖೆಯ ಜೊತೆ ಕುಳಿತು ಊರಿನ ಅತಿ ಹಿಂಸೆಯ 120 ಮೂಲೆಗಳನ್ನು ಗುರುತಿಸಿದರು. ರ್ಯಾಟ್‌ಕ್ಲಿಫ್ ಹಿಂದೆ ಲಂಡನ್ನಿನಲ್ಲಿ ಪೊಲೀಸ್ ಆಗಿದ್ದವರು. ಆ ಜಾಗಗಳಲ್ಲಿ ಅರವತ್ತನ್ನು ಚೀಟಿ ಎತ್ತಿದಂತೆ ಆರಿಸಿ, ಅಲ್ಲಿಗೆ ಹೊಸದಾಗಿ ತರಬೇತಿ ಮುಗಿಸಿದ ಹುಡುಗ ಹುಡುಗಿಯರನ್ನು ಜೋಡಿ ಜೋಡಿಯಾಗಿ ಕಾಲ್ನಡಿಗೆಯ ಗಸ್ತಿಗೆ ಕಳಿಸಿದರು. ಉಳಿದ ಅರವತ್ತರಲ್ಲಿ ಎಂದಿನಂತೆ ನಡೆಯಿತು. ಹನ್ನೆರಡು ವಾರದ ಬಳಿಕ ನೋಡಿದರೆ, ಹೋಲಿಕೆಯ ಜಾಗಗಳಿಗಿಂತ ಗಸ್ತಿನ ಜಾಗಗಳಲ್ಲಿ ಹಿಂಸಾಪರಾಧ ಶೇ 23ರಷ್ಟು ಕಡಿಮೆ. ಪಕ್ಕದ ಬೀದಿಗಳಿಗೆ ಸರಿದುಹೋದ ಅಪರಾಧಗಳನ್ನು ಕಳೆದರೂ 53 ಘಟನೆಗಳು ತಪ್ಪಿದ್ದವು.

ಇದು ಅಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ, ಗೆಲುವಿನ ಲೆಕ್ಕವನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಅದೇ ತಂಡ ಮುಂದೆ ಇನ್ನೊಂದು ಲೇಖನ ಪ್ರಕಟಿಸಿ, ಆ ಪರಿಣಾಮ ದಿನ ಕಳೆದಂತೆ ಕರಗಿತು, ಗಸ್ತು ನಿಂತ ಮೇಲೆ ಉಳಿಯಲಿಲ್ಲ ಎಂದು ತಾನೇ ಹೇಳಿತು. ಕಾರಣ ಹುಡುಕಿದಾಗ ತಿಳಿದದ್ದು, ಅದೇ ನಾಲ್ಕು ಬೀದಿಗಳಲ್ಲಿ ದಿನವೂ ಅಲೆದು ಬೇಸತ್ತ ಪೊಲೀಸರು ತಮಗೆ ಹಾಕಿದ ಗೆರೆ ದಾಟಿ ಅಕ್ಕಪಕ್ಕದ ಬೀದಿಗಳಿಗೆ ನಡೆದುಬಿಡುತ್ತಿದ್ದರಂತೆ. ಓದಿದಾಗ ನನಗೆ ನಗು ಬಂತು. ಮನುಷ್ಯರು ಎಲ್ಲೂ ಮನುಷ್ಯರೇ.

ನಗು ಬಂದದ್ದೇಕೆಂದರೆ, ನಾನು ಪೊಲೀಸರ ಬೀಟ್ ಪುಸ್ತಕದ ನೆರಳಿನಲ್ಲಿ ಬೆಳೆದವನು. ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ ಅಪ್ಪನ ದಿನಸಿ ಅಂಗಡಿಯ ಕಂಬಕ್ಕೆ ಹೊಡೆದ ಮೊಳೆಯಲ್ಲಿ ಒಂದು ಪುಸ್ತಕ ದಾರಕ್ಕೆ ನೇತಾಡುತ್ತಿತ್ತು. ರಾತ್ರಿ ಗಸ್ತಿಗೆ ಬಂದ ಪೇದೆ ಅದರಲ್ಲಿ ತಾರೀಖು, ಗಂಟೆ ಬರೆದು ಸಹಿ ಹಾಕಬೇಕು. ಬೆಳಿಗ್ಗೆ ಅಂಗಡಿಯ ಹಲಗೆಗಳನ್ನು ತೆಗೆಯುವ ಕೆಲಸ ನನ್ನದಾದ್ದರಿಂದ ಪುಸ್ತಕ ನೋಡುವುದೂ ನನ್ನ ಪಾಲಿಗೇ ಬಂದಿತ್ತು. ಕೆಲವು ವಾರ ಏನೂ ಇರುತ್ತಿರಲಿಲ್ಲ. ಆಮೇಲೊಂದು ದಿನ ಮಧ್ಯಾಹ್ನ ಆ ಪೇದೆ ಬಂದು, ಅಪ್ಪ ಕೊಟ್ಟ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ಒಂಬತ್ತು ರಾತ್ರಿಗಳ ಸಹಿಯನ್ನು ಒಂದೇ ಸಲಕ್ಕೆ ಕುಳಿತು ಹಾಕಿ ಎದ್ದು ಹೋಗುತ್ತಿದ್ದ. ಗಂಟೆ ಮಾತ್ರ ಬೇರೆ ಬೇರೆ ಬರೆಯುತ್ತಿದ್ದ, ಪಾಪ, ಅಷ್ಟು ಶ್ರದ್ಧೆ ಇತ್ತು.

ಆದರೂ ಅದೇ ಮನುಷ್ಯನಿಗೆ ನಮ್ಮ ಬೀದಿಯ ಪ್ರತಿ ಮನೆಯ ಒಳಸುಳಿ ಗೊತ್ತಿತ್ತು. ಯಾರ ಮಗ ಇಸ್ಪೀಟಿಗೆ ಬಿದ್ದಿದ್ದಾನೆ, ಯಾರ ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ಮಚ್ಚು ಹಿಡಿಯುವವರೆಗೆ ಬಂದಿದೆ ಎಂಬುದೆಲ್ಲ. ಒಮ್ಮೆ ಅಂಥ ಜಗಳವೊಂದನ್ನು ಅವನು ಅಂಗಡಿಯ ಕಟ್ಟೆಯ ಮೇಲೆ ಕುಳಿತೇ ಬಿಡಿಸಿದ್ದನ್ನು ಕಂಡಿದ್ದೇನೆ. ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಮಾಡದ ಗಸ್ತಿಗೆ ಸಹಿ ಇತ್ತು, ಮಾಡಿದ ಕೆಲಸಕ್ಕೆ ದಾಖಲೆ ಇರಲಿಲ್ಲ.

ಇಲ್ಲಿ ನನ್ನ ಕಾರಿನ ಗಾಜು ಒಡೆದು ಚೀಲ ಕದ್ದಾಗ ಪೊಲೀಸರ ಮುಖವನ್ನೇ ನಾನು ನೋಡಲಿಲ್ಲ. ದೂರು ಬರೆದೆ, ಒಂದು ಸಂಖ್ಯೆ ಬಂತು, ವಿಮೆಯವರಿಗೆ ಕಳಿಸಿದೆ, ಮುಗಿಯಿತು. ಚೀಲ ಸಿಗಲಿಲ್ಲ. ಆದರೆ ಆ ಕಳವು ಎಲ್ಲಿ, ಯಾವ ಹೊತ್ತಿನಲ್ಲಿ ನಡೆಯಿತು ಎಂಬುದು ನಗರದ ಮುಕ್ತ ದತ್ತಾಂಶದಲ್ಲಿ ಒಂದು ಚುಕ್ಕೆಯಾಗಿ ಸೇರಿಕೊಂಡಿತು. ಯಾವ ವಿದ್ಯಾರ್ಥಿ ಬೇಕಾದರೂ ಅದನ್ನು ಇಳಿಸಿಕೊಂಡು ಎಣಿಸಬಹುದು. ಈ ವರ್ಷ ನಿನ್ನೆಯವರೆಗೆ ಎಷ್ಟು ಕೊಲೆಗಳಾದವು ಎಂಬ ಅಂಕಿ ಇಲಾಖೆಯ ಜಾಲತಾಣದಲ್ಲೇ ಇರುತ್ತದೆ. ನಮ್ಮಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2023ರ ವರದಿ ಕೈಗೆ ಸಿಕ್ಕಿದ್ದು 2025ರ ಸೆಪ್ಟೆಂಬರ್ ಕೊನೆಗೆ. ಅಷ್ಟು ಹೊತ್ತಿಗೆ ಅದು ಇತಿಹಾಸದ ಪಾಠ.

ಅದರಲ್ಲಿಯೂ ಠಾಣೆಯ ಪುಸ್ತಕಕ್ಕೆ ಬಂದದ್ದಷ್ಟೇ ಲೆಕ್ಕ. ಬೈಕ್ ಕಳೆದುಕೊಂಡವನಿಗೆ ‘ಇನ್ನೆರಡು ದಿನ ಹುಡುಕಿ ನೋಡಿ, ಆಮೇಲೆ ಬನ್ನಿ’ ಎಂದು ಹೇಳಿ ಕಳಿಸಿದರೆ ಅಪರಾಧ ಇಳಿದಂತೆಯೇ ಕಾಣುತ್ತದೆ. ಅಮೆರಿಕದಲ್ಲಿ 1970ರ ದಶಕದಿಂದಲೂ ಪೊಲೀಸರನ್ನು ಬಿಟ್ಟು ನೇರವಾಗಿ ಮನೆಗಳಿಗೆ ಹೋಗಿ, ನಿಮ್ಮ ಮೇಲೆ ಏನಾದರೂ ಅಪರಾಧ ನಡೆಯಿತೇ, ದೂರು ಕೊಟ್ಟಿರಾ ಎಂದು ಕೇಳುವ ಸಮೀಕ್ಷೆ ನಡೆಯುತ್ತಿದೆ. ಹಿಂಸೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಠಾಣೆಗೆ ಹೋಗುವುದೇ ಇಲ್ಲ ಎಂಬುದು ಅದರಿಂದಲೇ ಗೊತ್ತಾದದ್ದು. ನಮ್ಮಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದು, ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಬಹುದು, ಇ-ದೂರನ್ನೂ ಕಳಿಸಬಹುದು ಎಂದಾಗಿದೆ. ಒಳ್ಳೆಯದು. ಇದರಿಂದ ದೂರುಗಳು ಹೆಚ್ಚಿದರೆ ಅದು ಇಲಾಖೆಯ ಗೆಲುವು ಎಂದು ಸದನದಲ್ಲಿ ಎದ್ದು ಹೇಳುವ ಧೈರ್ಯ ಯಾವ ಗೃಹ ಸಚಿವರಿಗಿದೆಯೋ ನೋಡಬೇಕು.

ನನಗೆ ಬಲು ಇಷ್ಟವಾದ ಅಧ್ಯಯನದಲ್ಲಿ ಪೊಲೀಸರೇ ಇಲ್ಲ. ಕಾರ್ಖಾನೆಗಳು ಮುಚ್ಚಿದ ಮೇಲೆ ಫಿಲಡೆಲ್ಫಿಯಾದಲ್ಲಿ ಸಾವಿರಾರು ನಿವೇಶನಗಳು ಪಾಳು ಬಿದ್ದವು. ಎದೆಯೆತ್ತರದ ಕಳೆ, ಹಳೆಯ ಟೈರು, ಹುಲ್ಲಿನೊಳಗೆ ಬಚ್ಚಿಟ್ಟ ಪಿಸ್ತೂಲು. ಚಾರ್ಲ್ಸ್ ಬ್ರಾನಸ್ ಎಂಬ ಸಂಶೋಧಕರು ಮತ್ತು ಸಂಗಡಿಗರು 541 ಪಾಳು ನಿವೇಶನಗಳನ್ನು ತೆಗೆದುಕೊಂಡು, ಚೀಟಿ ಎತ್ತಿ, ಕೆಲವನ್ನು ಹಸನು ಮಾಡಿ ಹುಲ್ಲು, ಗಿಡ, ಸುತ್ತ ಗಿಡ್ಡನೆಯ ಮರದ ಬೇಲಿ ಹಾಕಿಸಿದರು. ಕೆಲವನ್ನು ಬರೀ ಗುಡಿಸಿದರು, ಕೆಲವನ್ನು ಇದ್ದಂತೆ ಬಿಟ್ಟರು. 2018ರಲ್ಲಿ ಫಲಿತಾಂಶ ಬಂತು. ಬಡವರ ಕೇರಿಗಳಲ್ಲಿ ಹಸನುಗೊಂಡ ಜಾಗಗಳ ಸುತ್ತ ಬಂದೂಕಿನ ಹಿಂಸೆ ಶೇ 29ರಷ್ಟು ಇಳಿದಿತ್ತು. ಜನ ಹೊರಗೆ ಬಂದು ಕೂರುವುದು ಹೆಚ್ಚಿತ್ತು. ನ್ಯೂಯಾರ್ಕಿನಲ್ಲಿ 2016ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳ ಅಂಗಳಕ್ಕೆ ಪ್ರಖರ ದೀಪ ಹಾಕಿ ಇದೇ ರೀತಿ ಅಳೆದಾಗಲೂ ರಾತ್ರಿಯ ಹೊರಾಂಗಣದ ಗಂಭೀರ ಅಪರಾಧಗಳು ಮೂರನೇ ಒಂದಕ್ಕಿಂತ ಹೆಚ್ಚು ಇಳಿದವು.

ನನ್ನ ಮನೆಯ ಓಣಿಯ ಕೊನೆಯಲ್ಲೂ ಅಂಥದೊಂದು ಬೇಲಿಯ ಜಾಗವಿದೆ. ಸಂಜೆ ಇಬ್ಬರು ಮುದುಕಿಯರು ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಹೋಗಿ ಬರುವವರನ್ನೆಲ್ಲ ವಿಚಾರಿಸುತ್ತಾರೆ. ನನ್ನ ಹೆಸರನ್ನು ಹದಿನೆಂಟು ವರ್ಷದಿಂದ ತಪ್ಪಾಗಿಯೇ ಕರೆಯುತ್ತಾರೆ. ಅವರನ್ನು ನೋಡಿದಾಗ ಊರಿನ ಜಗಲಿ ನೆನಪಾಗುತ್ತದೆ. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯಿಂದ ಸಾವಿರಾರು ಕ್ಯಾಮೆರಾಗಳನ್ನು ಹಾಕಿದ್ದಾರೆ. ಅದೇ ಬೆಂಗಳೂರಿನಲ್ಲಿ ನನ್ನ ತಂಗಿ ಮೆಟ್ರೊ ಇಳಿದು ಮನೆಗೆ ನಡೆಯುವ ಅರ್ಧ ಕಿಲೋಮೀಟರಿನಲ್ಲಿ ಎರಡು ದೀಪದ ಕಂಬ ಕೆಟ್ಟು ವರ್ಷವಾಗಿದೆ. ಕ್ಯಾಮೆರಾ ಬೇಡವೆನ್ನುವುದಿಲ್ಲ, ಆದರೆ ಕ್ಯಾಮೆರಾ ಬಂದ ಬೀದಿಯಲ್ಲಿ ಮತ್ತು ದೀಪ ಬಂದ ಬೀದಿಯಲ್ಲಿ ಏನು ವ್ಯತ್ಯಾಸವಾಯಿತು ಎಂದು ಯಾರಾದರೂ ತೂಗಿ ನೋಡಿದರೆ ಮುಂದಿನ ಹಣ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿತ್ತು.

ಕರ್ನಾಟಕದಲ್ಲಿ ಯೋಜನೆಗಳಿಗೆ ಬರವಿಲ್ಲ. 2017ರಲ್ಲಿ ಪ್ರತಿ ಪೇದೆಗೂ ಒಂದು ಉಪಗಸ್ತು, ಅಂದರೆ ಠಾಣೆಯ ಪ್ರದೇಶದ ಒಂದು ತುಂಡನ್ನು, ವಹಿಸುವ ವ್ಯವಸ್ಥೆ ಬಂತು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಬಂತು. ಮನೆಗಳನ್ನು ಗುಂಪು ಗುಂಪಾಗಿ ಹಂಚಿ, ಪೊಲೀಸರೇ ಬಾಗಿಲಿಗೆ ಹೋಗಿ ಕಷ್ಟ ಕೇಳಬೇಕು. ಆಲೋಚನೆ ಚೆನ್ನಾಗಿದೆ. ಆದರೆ ಇಂಥದ್ದೇ ಆಲೋಚನೆಯನ್ನು ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಾಗಳಲ್ಲಿ ಪ್ರಯೋಗಕ್ಕೆ ಹಚ್ಚಿ, 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಪೊಲೀಸರ ಮೇಲಿನ ನಂಬಿಕೆಯೂ ಹೆಚ್ಚಲಿಲ್ಲ, ಅಪರಾಧವೂ ಇಳಿಯಲಿಲ್ಲ. ಅವರು ಕಂಡುಕೊಂಡ ಕಾರಣಗಳು ಕರ್ನಾಟಕದ ಓದುಗರಿಗೆ ಹೊಸವಲ್ಲ. ಮೇಲಿನವರ ಆಸಕ್ತಿ ಬೇಗ ಆರಿತು, ಕೇಳಿಸಿಕೊಂಡ ಕಷ್ಟವನ್ನು ಪರಿಹರಿಸಲು ಠಾಣೆಯಲ್ಲಿ ಜನವೂ ಹಣವೂ ಇರಲಿಲ್ಲ, ಮತ್ತು ಅಧಿಕಾರಿಗಳನ್ನು ಮೇಲಿಂದ ಮೇಲೆ ಬೇರೆಡೆಗೆ ಹಾಕುತ್ತಿದ್ದರು.

ವರ್ಗಾವಣೆ! ಈ ಒಂದು ಪದಕ್ಕೆ ನಮ್ಮ ರಾಜಕೀಯದಲ್ಲಿ ಎಷ್ಟು ಬೆಲೆಯಿದೆ ಎಂದು ಯಾರಿಗೂ ಹೇಳಬೇಕಿಲ್ಲ. ಸುಪ್ರೀಂ ಕೋರ್ಟ್ 2006ರಲ್ಲಿ, ಪೊಲೀಸ್ ಸುಧಾರಣೆ ಕೋರಿದ್ದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ, ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೆಡೆ ಇರಲು ಬಿಡಿ ಎಂದಿತ್ತು. ಅದು ಬರೀ ತತ್ವದ ಮಾತಲ್ಲ ಎಂಬುದಕ್ಕೆ ಪುರಾವೆ ನಮ್ಮ ದೇಶದಲ್ಲೇ ಇದೆ. ರಾಜಸ್ಥಾನದ 11 ಜಿಲ್ಲೆಗಳ 162 ಠಾಣೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಲ್ಲಿಯ ಪೊಲೀಸ್ ಅಧಿಕಾರಿಣಿ ನೀನಾ ಸಿಂಗ್ ಅವರೊಂದಿಗೆ ಸೇರಿ ಹಲವು ಸುಧಾರಣೆಗಳನ್ನು ಪರೀಕ್ಷಿಸಿದರು. ವಾರದ ರಜೆ, ಕೆಲಸದ ಸರದಿ, ಸಮುದಾಯದ ವೀಕ್ಷಕರು ಇವುಗಳಿಂದ ಹೆಚ್ಚೇನೂ ಆಗಲಿಲ್ಲ, ಏಕೆಂದರೆ ಅವು ಸರಿಯಾಗಿ ಜಾರಿಯಾಗಲೇ ಇಲ್ಲ. ಫಲ ಕೊಟ್ಟದ್ದು ತರಬೇತಿ ಮತ್ತು ವರ್ಗಾವಣೆಗೆ ತಡೆ. ಸಾಮಾನ್ಯ ದೂರುದಾರರ ವೇಷದಲ್ಲಿ ಜನರನ್ನು ಠಾಣೆಗೆ ಕಳಿಸಿ, ದೂರು ದಾಖಲಿಸುತ್ತಾರೋ ಇಲ್ಲವೋ ಎಂದೂ ನೋಡಿದ್ದರು. ಇನ್ನೊಂದು ತಂಡದ ಸಂಶೋಧಕರು ಮಧ್ಯಪ್ರದೇಶದ 180 ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರಗಳನ್ನು ಹೀಗೆಯೇ ಪರೀಕ್ಷಿಸಿ, ಅವು ಇದ್ದಲ್ಲಿ ಹೆಂಗಸರ ದೂರುಗಳು ಹೆಚ್ಚು ದಾಖಲಾದದ್ದನ್ನು 2022ರಲ್ಲಿ ತೋರಿಸಿದರು. ಹಾಗಾಗಿ ಅಳೆಯುವುದು ಡಾಲರ್ ದೇಶದ ಷೋಕಿ ಎನ್ನುವಂತಿಲ್ಲ. ರಾಜಸ್ಥಾನದಲ್ಲಿ ಆಗುವುದು ರಾಯಚೂರಿನಲ್ಲಿ ಏಕಾಗದು?

ಫಿಲಡೆಲ್ಫಿಯಾದ ಕೊಲೆಗಳು 2024ರಲ್ಲಿ 269ಕ್ಕೆ ಇಳಿದವು, ಮೂರು ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ. ಮೇಯರ್ ತನ್ನಿಂದ ಎನ್ನುತ್ತಾರೆ, ಪೊಲೀಸರು ತಮ್ಮಿಂದ ಎನ್ನುತ್ತಾರೆ, ಕೇರಿಗಳಲ್ಲಿ ಹುಡುಗರ ಹಿಂದೆ ಅಲೆಯುವ ಸಂಸ್ಥೆಗಳವರು ತಮ್ಮಿಂದ ಎನ್ನುತ್ತಾರೆ. ಇಡೀ ದೇಶದಲ್ಲೇ ಇಳಿದಿದೆ ಎನ್ನುವ ಸಂಶೋಧಕರು ಮಾತ್ರ ಹುಬ್ಬು ಗಂಟಿಕ್ಕಿ ಕುಳಿತಿದ್ದಾರೆ. ಇಲ್ಲಿಯ ಇಲಾಖೆಗೆ ಆ ವರ್ಷಗಳಲ್ಲಿ ಜನವೇ ಸಾಲದಿದ್ದುದರಿಂದ, ಪೊಲೀಸರು ಹೆಚ್ಚಿದ್ದಕ್ಕೇ ಇಳಿಯಿತು ಎನ್ನುವ ಸುಲಭದ ಉತ್ತರವೂ ನಿಲ್ಲುವುದಿಲ್ಲ.

ಮೊನ್ನೆ ಚಿಕ್ಕಪ್ಪನ ಮಗನಿಗೆ ಕರೆ ಮಾಡಿದ್ದೆ. ಹೊಸ ಟೋಪಿ ಹೇಗಿದೆ ಎಂದು ಕೇಳಿದೆ.

“ಹಗುರವಾಗಿದೆ ಅಣ್ಣ, ಓಡಿದರೂ ಬೀಳುವುದಿಲ್ಲ. ಮಧ್ಯಾಹ್ನದ ಬಂದೋಬಸ್ತಿನಲ್ಲಿ ಕಿವಿ ಮಾತ್ರ ಸುಡುತ್ತದೆ.”

“ಮನೆ ಮನೆಗೆ ಹೋಗುತ್ತಿದ್ದೀಯಾ?”

“ನನಗೆ ಕೊಟ್ಟ ಮನೆಗಳೆಲ್ಲ ಮುಗಿದವು. ಎಲ್ಲ ಕಡೆ ಫೋಟೊ ತೆಗೆದು ಕಳಿಸಿದ್ದೇನೆ.”

“ಅವರು ಹೇಳಿದ ಕಷ್ಟಗಳನ್ನು ಎಲ್ಲಿ ಬರೆದುಕೊಂಡೆ?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಒಬ್ಬ ಮುದುಕ ಮಗ ಹೊಡೆಯುತ್ತಾನೆಂದು ಅತ್ತನಂತೆ. ಒಂದು ಓಣಿಯ ಹೆಂಗಸರು ಶಾಲೆಯ ಹಿಂದಿನ ಪಾಳು ಜಾಗದಲ್ಲಿ ಸಂಜೆ ಕುಡುಕರು ಸೇರುತ್ತಾರೆ, ಅಲ್ಲಿಗೊಂದು ದೀಪ ಹಾಕಿಸಿಕೊಡಿ ಎಂದರಂತೆ. ಪುರಸಭೆಗೆ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದಾನೆ.

“ಹೇಳಿದೆಯಾ?”

“ಅಷ್ಟರಲ್ಲಿ ಆರ್ಡರ್ ಬಂತಲ್ಲ ಅಣ್ಣ. ಸೋಮವಾರದಿಂದ ಬೇರೆ ಠಾಣೆ.”