ಮೊಟ್ಟೆ ಸುಲಿದರೆ 30 ಪೈಸೆ

2025-26ಕ್ಕೆ ನಮ್ಮ ಸರ್ಕಾರಿ ಶಾಲೆಗಳಿಗೆ 51 ಸಾವಿರ ಅತಿಥಿ ಶಿಕ್ಷಕರು. ಪ್ರಾಥಮಿಕ ಶಾಲೆಗಳಿಗೆ 40 ಸಾವಿರ, ಪ್ರೌಢಶಾಲೆಗಳಿಗೆ 11 ಸಾವಿರ. ಸುದ್ದಿ ಓದಿ ಯಾರೂ ಹುಬ್ಬೇರಿಸಲಿಲ್ಲ. ಏರಿಸುವುದಾದರೂ ಯಾಕೆ? ಶಾಲೆ ಶುರುವಾಗುವ ಹೊತ್ತಿಗೆ ಮಳೆ ಬರುತ್ತದೆ, ಅದರ ಹಿಂದೆಯೇ ಅತಿಥಿ ಶಿಕ್ಷಕರ ಆದೇಶವೂ ಬರುತ್ತದೆ. ಮಳೆಯಾದರೂ ಒಮ್ಮೊಮ್ಮೆ ಕೈಕೊಡುತ್ತದೆ.

ತಾತ್ಕಾಲಿಕ ವ್ಯವಸ್ಥೆಯಂತೆ ಇದು. ಖಾಲಿ ಹುದ್ದೆ ತುಂಬುವವರೆಗೆ ಮಾತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಒಂದು ಶಾಲೆಯಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಶೇ 10ಕ್ಕಿಂತ ಜಾಸ್ತಿ ಖಾಲಿ ಇರಬಾರದು. ಕಾಯ್ದೆ ಬರೆದವರು ಪಾಪ, ಒಳ್ಳೆಯವರು. ಕಾನೂನು ಮಾಡಿದರೆ ಸರ್ಕಾರ ಹೆದರಿ ಹುದ್ದೆ ತುಂಬುತ್ತದೆ ಅಂದುಕೊಂಡಿದ್ದರು. ಹುದ್ದೆಯನ್ನು ಖಾಲಿಯೇ ಇಟ್ಟು, ಅದರ ಕುರ್ಚಿಯಲ್ಲಿ ಹತ್ತು ತಿಂಗಳ ಮಟ್ಟಿಗೆ ಒಬ್ಬರನ್ನು ಕೂರಿಸಬಹುದು ಅಂತ ಅವರಿಗೆ ಹೊಳೆದಿರಲಿಲ್ಲ.

ಹಾಗಂತ ಸರ್ಕಾರ ಏನೂ ಮಾಡಿಲ್ಲ ಅನ್ನುವ ಹಾಗಿಲ್ಲ. 2025ರ ಬಜೆಟ್‌ನಲ್ಲಿ ಗೌರವಧನ 2,000 ರೂಪಾಯಿ ಜಾಸ್ತಿಯಾಯಿತು. ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 10,000 ಇದ್ದದ್ದು 12,000. ಪ್ರೌಢಶಾಲೆಯವರಿಗೆ 10,500 ಇದ್ದದ್ದು 12,500. ಒಂದನೇ ಕ್ಲಾಸಿನ ಅ-ಆ-ಇ-ಈಗೂ ಹತ್ತನೇ ಕ್ಲಾಸಿನ ತ್ರಿಕೋನಮಿತಿಗೂ ನಡುವಿನ ವ್ಯತ್ಯಾಸ ತಿಂಗಳಿಗೆ ಸರಿಯಾಗಿ 500 ರೂಪಾಯಿ ಅಂತ ವಿಧಾನಸೌಧದಲ್ಲಿ ಯಾರೋ ಕೂತು ಲೆಕ್ಕ ಹಾಕಿದ್ದಾರೆ. ಅವರಿಗೆ ಲೆಕ್ಕ ಕಲಿಸಿದ ಮೇಷ್ಟ್ರು ಯಾರೋ, ಅವರಿಗೊಂದು ನಮಸ್ಕಾರ.

ಲೆಕ್ಕ ಅಂದ ಮೇಲೆ ಇನ್ನೊಂದು ಲೆಕ್ಕ. 2024-25ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಅದೇ ವರ್ಷ ಅತಿಥಿ ಶಿಕ್ಷಕರ 10,000ವನ್ನು ಮೂವತ್ತು ದಿನಕ್ಕೆ ಹಂಚಿದರೆ 333. ಭಾನುವಾರ ಬಿಟ್ಟು ಲೆಕ್ಕ ಹಾಕಿ ಮಾರಾಯ್ರೇ ಅನ್ನುತ್ತೀರಾ? ಆಯ್ತು, 26ರಿಂದ ಭಾಗಿಸಿದೆ. 384 ಬಂತು. ಅಂದರೆ ಗುಂಡಿ ತೋಡುವ ಕೂಲಿಗಿಂತ 35 ರೂಪಾಯಿ ಮೇಲೆ. ಆ 35 ರೂಪಾಯಿ ಬಿ.ಎಡ್.ಗೆ. ಗುದ್ದಲಿ ಹಿಡಿದವರಿಗೆ ಜಾಸ್ತಿ ಕೊಟ್ಟುಬಿಟ್ಟರು ಅಂತ ನಾನು ಹೇಳುತ್ತಿಲ್ಲ, ಆ ಬಿಸಿಲಿಗೆ ಅದೂ ಕಡಿಮೆಯೇ.

ಇಷ್ಟು ಹೇಳುವಷ್ಟರಲ್ಲಿ ಒಬ್ಬರಾದರೂ ಎದ್ದು ನಿಲ್ಲುತ್ತಾರೆ. ‘ಅಯ್ಯೋ, ಸರ್ಕಾರಿ ಮೇಷ್ಟ್ರಿಗೇನ್ರೀ ಕಮ್ಮಿ? ದಸರಾ ರಜೆ, ಬೇಸಿಗೆ ರಜೆ, ಕೈತುಂಬಾ ಸಂಬಳ!’ ಈ ಮಾತು ಆಡುವವರ ಮಗ ಸಾಮಾನ್ಯವಾಗಿ ಕಾನ್ವೆಂಟಿನಲ್ಲಿ ಓದುತ್ತಿರುತ್ತಾನೆ, ಅದಿರಲಿ. ಅವರು ಹೇಳುವುದು ಕಾಯಂ ಶಿಕ್ಷಕರ ವಿಷಯ. 7ನೇ ವೇತನ ಆಯೋಗದ ಮೇಲೆ ಅವರ ಸಂಬಳ ಪರವಾಗಿಲ್ಲ, ಒಪ್ಪೋಣ. 2024ರ ಆಗಸ್ಟ್‌ನಿಂದ ರಾಜ್ಯ ಸರ್ಕಾರಿ ನೌಕರಿಯ ಕಟ್ಟಕಡೆಯ ಮೆಟ್ಟಿಲಿನ ಮೂಲವೇತನವೇ 27,000. ಅತಿಥಿ ಶಿಕ್ಷಕಿ ಆ ಮೆಟ್ಟಿಲಿನಲ್ಲಿ ಇಲ್ಲ, ಅಂಗಳದಲ್ಲಿದ್ದಾರೆ.

ಒಂದು ಸಲ ಯಾವುದಾದರೂ ಸ್ಟಾಫ್ ರೂಮಿನಲ್ಲಿ ಕೂತು ನೋಡಿ. ಒಂದೇ ಮೇಜು. ಈ ಕಡೆ ಕೂತವರು ತುಟ್ಟಿಭತ್ಯೆಯ ಬಾಕಿ ಎಷ್ಟು ಬರಬಹುದು ಅಂತ ಕ್ಯಾಲ್ಕುಲೇಟರ್ ಒತ್ತುತ್ತಿರುತ್ತಾರೆ. ಆ ಕಡೆ ಕೂತವರು ಮೊಬೈಲ್‌ನಲ್ಲಿ ಬ್ಯಾಂಕಿನ ಮೆಸೇಜ್ ಬಂತಾ ಅಂತ ನೋಡಿ, ಪರದೆ ಕೆಳಗೆ ಮಾಡಿ ಇಡುತ್ತಾರೆ. ಅನುದಾನ ಬಿಡುಗಡೆಯಾಗಿಲ್ಲವಂತೆ. ಬ್ಲಾಕ್‌ಗೆ ಬಂದಿದೆಯಂತೆ, ಶಾಲೆಗೆ ಬಂದಿಲ್ಲವಂತೆ. ಬೆಲ್ ಹೊಡೆದರೆ ಇಬ್ಬರೂ ಏಳುತ್ತಾರೆ. ಇಬ್ಬರ ಕೈಯಲ್ಲೂ ಅದೇ ಸೀಮೆಸುಣ್ಣ, ಅದೇ ಪಾಠ ಯೋಜನೆ, ಅದೇ ಹಾಜರಿ ಪುಸ್ತಕ. ಮಕ್ಕಳಿಗೆ ಇಬ್ಬರೂ ‘ಮಿಸ್’. ಯಾವ ಮಿಸ್ಸಿಗೆ ಏಪ್ರಿಲ್, ಮೇನಲ್ಲಿ ಕಾಸಿಲ್ಲ ಅನ್ನುವುದು ಮಕ್ಕಳಿಗೆ ಗೊತ್ತಿಲ್ಲ.

ಮೊಟ್ಟೆ ವಿಷಯ ಹೇಳದಿದ್ದರೆ ಊಟ ಇಳಿಯಲ್ಲ.

ವಾರಕ್ಕೆ ಆರು ದಿನ ಮಕ್ಕಳಿಗೆ ಮೊಟ್ಟೆ, 2024ರ ಸೆಪ್ಟೆಂಬರ್‌ನಿಂದ. ಒಳ್ಳೆ ಕೆಲಸ. ಇದಕ್ಕೆ ವ್ಯಂಗ್ಯ ಇಲ್ಲ, ಮಕ್ಕಳು ತಿನ್ನಲಿ, ಇನ್ನೊಂದು ಬೇಕಾದರೂ ತಿನ್ನಲಿ. ಆಗ ಒಂದು ಮೊಟ್ಟೆಗೆ ಸರ್ಕಾರ ಕೊಡುತ್ತಿದ್ದದ್ದು 6 ರೂಪಾಯಿ. ಅದರ ವಿಂಗಡಣೆ ಚಂದ: ಮೊಟ್ಟೆಗೆ 5 ರೂಪಾಯಿ 20 ಪೈಸೆ, ಬೇಯಿಸುವ ಇಂಧನಕ್ಕೆ 50 ಪೈಸೆ, ಸುಲಿಯುವುದಕ್ಕೆ 30 ಪೈಸೆ. ಕೋಳಿಗಳು ಮಾತ್ರ ಆ ಸುತ್ತೋಲೆ ಓದಿರಲಿಲ್ಲ. ಅಂಗಡಿಯಲ್ಲಿ ರೇಟು ಏರಿತು. ವ್ಯತ್ಯಾಸ ಯಾರು ಕೊಡಬೇಕು? ಹೆಡ್ ಮೇಷ್ಟ್ರು. ನ್ಯೂಟನ್ನನ ಮೂರನೇ ನಿಯಮ ಹೇಳಿಕೊಡಬೇಕಾದ ಮನುಷ್ಯ ಮೊಟ್ಟೆ ಅಂಗಡಿ ಮುಂದೆ ನಿಂತು ‘ಹತ್ತು ಪೈಸೆ ಬಿಡಪ್ಪಾ, ಸ್ಕೂಲ್ ಮಕ್ಕಳಿಗೆ’ ಅಂತ ಚೌಕಾಸಿ ಮಾಡಬೇಕು. ಆಮೇಲೆ ಟ್ರೇಯನ್ನು ಬೈಕಿನ ಮುಂದೆ ಇಟ್ಟುಕೊಂಡು ಹಂಪ್ ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಶಾಲೆ ತಲುಪಬೇಕು. ಒಡೆದ ಮೊಟ್ಟೆಗೆ ಯಾವ ಲೆಕ್ಕಶೀರ್ಷಿಕೆಯೂ ಇಲ್ಲ. ಅದೂ ಅವರ ಜೇಬಿನದೇ.

ಆದರೆ ನನಗೆ ಖುಷಿಯಾಗುವುದು ಆ 30 ಪೈಸೆ. ನೋಡಿ, ಈ ಸರ್ಕಾರಕ್ಕೆ ದುಡಿಮೆಗೆ ಬೆಲೆ ಕಟ್ಟಲು ಬರುವುದಿಲ್ಲ ಅಂತ ಸುಮ್ನೆ ದೂರುತ್ತೇವೆ. ಎಷ್ಟು ಚೆನ್ನಾಗಿ ಬರುತ್ತದೆ! ಬೆಂದ ಮೊಟ್ಟೆಯ ಸಿಪ್ಪೆ ಬಿಡಿಸುವ ಕೆಲಸವನ್ನು ಬೇರೆ ಮಾಡಿ, ತೂಗಿ, ಪೈಸೆಯಲ್ಲಿ ಬರೆದಿಟ್ಟಿದೆ. ಹಾಗಾದರೆ ಇದೇ ತಲೆ ಓಡಿಸಿ ಒಂದು ಮಗುವಿಗೆ ಮಗ್ಗಿ ಬಾಯಿಪಾಠ ಮಾಡಿಸಲು ಎಷ್ಟು ಪೈಸೆ ಅಂತಲೂ ಬರೆಯಬಹುದಿತ್ತು. ಒತ್ತಕ್ಷರ ತಿದ್ದಿಸುವುದಕ್ಕೆ? ಬಿದ್ದು ಮಂಡಿ ತರಚಿಕೊಂಡವನಿಗೆ ಅರಿಶಿನ ಹಚ್ಚುವುದಕ್ಕೆ? ಮೂರು ದಿನದಿಂದ ಬರದ ಹುಡುಗಿಯ ಮನೆಗೆ ಹೋಗಿ, ತಮ್ಮನನ್ನು ನೋಡಿಕೊಳ್ಳಲು ಅವಳನ್ನು ಮನೆಯಲ್ಲಿ ಉಳಿಸಿಕೊಂಡ ಅಮ್ಮನ ಹತ್ತಿರ ಗೋಗರೆದು ಕರೆತರುವುದಕ್ಕೆ? ಅದಕ್ಕೆಲ್ಲ ದರಪಟ್ಟಿ ಇಲ್ಲ.

ಎಣಿಸುವ ಕೆಲಸಕ್ಕೆ ಮಾತ್ರ ಇದೆ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತಲ್ಲ, ಮೇಷ್ಟ್ರುಗಳು ಮೊಬೈಲ್ ಹಿಡಿದುಕೊಂಡು ಮನೆ ಹುಡುಕುತ್ತಾ ಅಲೆದರಲ್ಲ, ಆಗ ಗಣತಿದಾರರಿಗೆ 20 ಸಾವಿರದವರೆಗೆ ಕೊಡುತ್ತೇವೆ ಅಂದರು. ಕೊಡಲಿ, ನಾಯಿ ಅಟ್ಟಿಸಿಕೊಂಡು ಬಂದದ್ದಕ್ಕೇ ಅಷ್ಟಾಗುತ್ತದೆ. ಆದರೆ ದಸರಾ ರಜೆಯ ಆ ಕೆಲಸದ ಬೆಲೆ ಅತಿಥಿ ಶಿಕ್ಷಕರ ಒಂದೂವರೆ ತಿಂಗಳ ಪಾಠಕ್ಕಿಂತ ಜಾಸ್ತಿಯಾಯಿತು. ಕೆಲಸಕ್ಕೆ ತಕ್ಕ ಕಾಸು ಅನ್ನುವ ಕಲ್ಪನೆ ಸರ್ಕಾರಕ್ಕೆ ಇದೆ ಅಂತಾಯಿತು. ಶಾಲೆಯ ಗೇಟಿನ ಒಳಗೆ ಬಂದ ತಕ್ಷಣ ಅದು ಎಲ್ಲಿ ಹೋಗುತ್ತದೋ.

ಇನ್ನು ಹೋರಾಟದ ಕಥೆ. ಅತಿಥಿ ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕ್‌ಗೆ ಬರುತ್ತಾರೆ, ಶಾಮಿಯಾನ ಹಾಕುತ್ತಾರೆ, ಘೋಷಣೆ ಕೂಗುತ್ತಾರೆ, ಮನವಿ ಕೊಡುತ್ತಾರೆ, ರಾತ್ರಿ ಬಸ್ ಹಿಡಿಯುತ್ತಾರೆ. ಅವರಿಗೆ ಜಾಗದ ಆಯ್ಕೆ ಗೊತ್ತಿಲ್ಲ. ಗಲಾಟೆ ಮಾಡಬೇಕಾದದ್ದು ಅಲ್ಲಲ್ಲ, ಅಲ್ಲೇ ಹತ್ತಿರದಲ್ಲಿರುವ ವಿಧಾನಸಭೆಯಲ್ಲಿ. 2025ರ ಮಾರ್ಚ್‌ನಲ್ಲಿ ಅಲ್ಲಿ ಎಂಥ ಗಲಾಟೆ! ಹನಿಟ್ರ್ಯಾಪ್ ಗದ್ದಲ, ಸಭಾಧ್ಯಕ್ಷರ ಪೀಠದ ಮೇಲೆ ಹರಿದ ಕಾಗದ, 18 ಶಾಸಕರ ಅಮಾನತು. ಆ ಗಲಾಟೆಯ ನಡುವೆಯೇ ಶಾಸಕರ ವೇತನ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯವರದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ಭತ್ಯೆಗಳು ಬೇರೆ. ಚರ್ಚೆ ಇಲ್ಲ, ಸಮಿತಿ ಇಲ್ಲ, ‘ಆರ್ಥಿಕ ಇಲಾಖೆ ಪರಿಶೀಲಿಸುತ್ತಿದೆ’ ಇಲ್ಲ. ಅಷ್ಟು ಗದ್ದಲದಲ್ಲೂ ಈ ಒಂದು ವಿಷಯ ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣ. ಕಾಯಂ ಆದವರ ಕೆಲಸವನ್ನೇ ಮಾಡುತ್ತಿದ್ದರೂ ಅವರಿಗೆ ತಿಂಗಳಿಗೆ 30,000. ಸಮಾರಂಭಗಳಲ್ಲಿ ‘ಗುರುಬ್ರಹ್ಮ ಗುರುವಿಷ್ಣು’ ಅಂತ ಹೇಳಿದರೆ ಸಾಲದು, ಶಿಕ್ಷಕರನ್ನು ದೇಶ ನಡೆಸಿಕೊಳ್ಳುವ ರೀತಿಯಲ್ಲೂ ಅದು ಕಾಣಬೇಕು ಎಂಬರ್ಥದಲ್ಲಿ ಕೋರ್ಟ್ ಹೇಳಿತು. ಎರಡು ವಾರಕ್ಕೆ ಸೆಪ್ಟೆಂಬರ್ 5 ಬಂತು. ನಮ್ಮವರು ತೀರ್ಪು ಓದಿದರೋ ಇಲ್ಲವೋ, ಶ್ಲೋಕ ಮಾತ್ರ ತಪ್ಪದೆ ಹೇಳಿದರು.

ಈ ಶಿಕ್ಷಕರ ದಿನಾಚರಣೆ ಎಲ್ಲ ಕಡೆ ಒಂದೇ ಥರ. ಪ್ರಾರ್ಥನೆ ಅತಿಥಿ ಶಿಕ್ಷಕಿಯದು, ನಿರೂಪಣೆ ಅವರದು, ಕುರ್ಚಿ ಜೋಡಿಸಿ ರಂಗೋಲಿ ಹಾಕಿದ್ದೂ ಅವರೇ. ಶಾಲು, ಹಾರ, ಹಣ್ಣಿನ ಬುಟ್ಟಿ ಬೇರೆಯವರಿಗೆ. ಎರಡು ಗಂಟೆ ತಡವಾಗಿ ಬಂದ ಗಣ್ಯರು ಮೈಕಿನ ಮೇಲೆ ಬೆರಳಿನಿಂದ ತಟ್ಟಿ ಶುರು ಮಾಡುತ್ತಾರೆ: ‘ಶಿಕ್ಷಕ ವೃತ್ತಿ ದುಡ್ಡಿಗಾಗಿ ಮಾಡುವಂಥದ್ದಲ್ಲ, ಅದೊಂದು ಸೇವೆ...’

ಸಾಕು ಸ್ವಾಮಿ. ಈ ಮಾತು ಕೇಳಿ ಕೇಳಿ ಸುಸ್ತಾಗಿದೆ. ಸೇವೆಯಾದರೆ ನಿಮ್ಮದೂ ಸೇವೆಯೇ ಅಲ್ವಾ, ಅದಕ್ಕೆ ಮಾರ್ಚ್‌ನಲ್ಲಿ ದುಪ್ಪಟ್ಟು ಯಾಕೆ ಬೇಕಾಯಿತು? ವರ್ಷಾನುಗಟ್ಟಲೆ ಪಾಠ ಮಾಡಿದ ಹೆಂಗಸು ಮೇ ತಿಂಗಳಲ್ಲಿ ಬಾಡಿಗೆ ಕಟ್ಟಲಾಗದೆ ಮನೆ ಮಾಲೀಕರ ಕಣ್ಣು ತಪ್ಪಿಸಿ ಓಡಾಡುತ್ತಾರೆ. ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಮಾರ್ಕ್ಸ್ ಕಾರ್ಡ್ ಜೆರಾಕ್ಸ್. ಅವರು ಕೇಳುತ್ತಿರುವುದು ಹನ್ನೆರಡು ತಿಂಗಳ ಸಂಬಳ, ಅದೂ ಆಯಾ ತಿಂಗಳೇ. ಇದಕ್ಕೆ ಯಾವ ಆಯೋಗವೂ ಬೇಕಿಲ್ಲ, ಯಾವ ಶ್ಲೋಕವೂ ಬೇಕಿಲ್ಲ. ಇರುವ ದುಡ್ಡಿನಲ್ಲಿ ಮೊದಲು ಯಾರಿಗೆ ಕೊಡುತ್ತೀರಿ ಅನ್ನುವುದಷ್ಟೇ ಪ್ರಶ್ನೆ, ಅದನ್ನು ನೀವು ಮಾರ್ಚ್‌ನಲ್ಲೇ ಹೇಳಿಬಿಟ್ಟಿದ್ದೀರಿ.